ಬಳುವಳಿಯಾಗಿ ಬಂದ ಕುರಿಗಳು

ನನ್ನ ಮದುವೆಯ ಮಾರನೆಯ ದಿನ ಪರಶುರಾಂಪುರದಿಂದ ಹೊರಟ ಟೆಂಪೋದಲ್ಲಿ ಮುಂದುಗಡೆ ನಾನು, ನನ್ನ ಗಂಡ, ನನ್ನ ಮಾವ ಒತ್ತಿಕೊಂಡು ಕೂತಿದ್ದೆವು. ಹಿಂದುಗಡೆ ಒಂದು ಕಬ್ಬಿಣದ ಪೆಟ್ಟಿಗೆ, ಹಾಸಿಗೆ ಸುರುಳಿ, ಹಿತ್ತಾಳೆ ಕೊಳಗ ಮತ್ತು ನಾಲ್ಕು ಹೆಣ್ಣು ಕುರಿ. ಪೆಟ್ಟಿಗೆ ಕೊಳಗಗಳು ತೆಪ್ಪಗಿದ್ದವು. ಕುರಿಗಳು ಮಾತ್ರ ಚಳ್ಳಕೆರೆ ದಾಟುವವರೆಗೂ ಬಾಯಿ ಮುಚ್ಚಲಿಲ್ಲ. ತವರು ಬಿಟ್ಟು ಹೋಗುವ ಮದುಮಗಳು ದಾರಿಯುದ್ದಕ್ಕೂ ಅಳಬೇಕೆಂದು ಅವ್ವ ಹೇಳಿಕೊಟ್ಟಿದ್ದಳು. ನನಗೆ ಅಳು ಬರಲೇ ಇಲ್ಲ. ನನ್ನ ಪಾಲಿನದನ್ನೂ ಅವೇ ಅತ್ತು ಮುಗಿಸಿದವು. ಡ್ರೈವರ್ ಒಮ್ಮೆ ಹಿಂದೆ ನೋಡಿ, "ಮದುಮಗಳು ಯಾರು ಅಂತಲೇ ಗೊತ್ತಾಗ್ತಿಲ್ಲ ಬಿಡ್ರಿ" ಅಂದ. ಎಲ್ಲರೂ ನಕ್ಕರು, ನನಗೆ ಸಿಟ್ಟು ಬಂತು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಇವತ್ತಿಗೂ.

ಇದು ತೊಂಬತ್ತರ ದಶಕದ ನಡುವಿನ ಮಾತು. ಕುರಿ ಸಾಕುವ ನಮ್ಮಂಥ ಮನೆಗಳಲ್ಲಿ ಮಗಳನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಅವಳ ಜೊತೆ ಒಂದೆರಡಾದರೂ ಹೆಣ್ಣು ಕುರಿ ಹೋಗಬೇಕು. ಅದಕ್ಕೆ ಬಳುವಳಿ ಅನ್ನುತ್ತಾರೆ. ನನ್ನ ಅಪ್ಪ ಹಿಂಡಿನ ಮಧ್ಯೆ ಅರ್ಧ ದಿನ ತಿರುಗಾಡಿ, ಹಲ್ಲು ನೋಡಿ, ಕೆಚ್ಚಲು ನೋಡಿ ಆರಿಸಿದ್ದ. ನನಗೆ ಗಂಡನ್ನು ನೋಡುವಾಗಲೂ ಅವನು ಅಷ್ಟು ಹೊತ್ತು ತೆಗೆದುಕೊಂಡಿರಲಿಲ್ಲ. "ಗಂಡು ಮರಿ ಕೊಟ್ರೆ ಒಂದು ಹಬ್ಬಕ್ಕೆ ಮುಗೀತು. ಹೆಣ್ಣು ಕೊಟ್ರೆ ಮನೆ ತುಂಬ್ತೈತೆ" ಅಂದಿದ್ದ. ಯಾರ ಮನೆ ತುಂಬುತ್ತದೆ ಎಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಗಂಡನ ಮನೆ ಮೊಳಕಾಲ್ಮೂರಿನ ಆಚೆ, ಸಿದ್ದಾಪುರದ ಹತ್ತಿರ, ಬಂಡೆಗುಡ್ಡಗಳ ನಡುವೆ ಇತ್ತು. ಮನೆಯಲ್ಲಿ ಅತ್ತೆ, ಮಾವ, ಒಬ್ಬನೇ ಮಗ, ಈಗ ನಾನು. ಮಾವ ಕುರಿ ಹೊಡೆದುಕೊಂಡು ಬೆಳಿಗ್ಗೆ ಹೋದರೆ ಸಂಜೆಗೆ ಬರುತ್ತಿದ್ದರು. ನನ್ನ ಗಂಡನಿಗೆ ಕುರಿಯ ಹಿಂದೆ ನಡೆಯುವುದು ಹಿಡಿಸುತ್ತಿರಲಿಲ್ಲ. ಅವನು ಬೋರ್‌ವೆಲ್ ಕೊರೆಯುವ ಲಾರಿಯ ಜೊತೆ ಆಂಧ್ರದ ಊರುಗಳಿಗೆ ಹೋಗುತ್ತಿದ್ದ. ಹೀಗಾಗಿ ಹಗಲು ಹೊತ್ತು ಮನೆಯಲ್ಲಿ ಉಳಿಯುತ್ತಿದ್ದದ್ದು ನಾನು, ಅತ್ತೆ ಮತ್ತು ಹಿಂಡಿನ ಜೊತೆ ನಡೆಯಲಾರದ ಎಳೆಯ ಮರಿಗಳು.

ಅತ್ತೆ ರಾಯದುರ್ಗದ ಕಡೆಯವರು. ಅವರಿಗೆ ಕನ್ನಡ ಚೆನ್ನಾಗಿಯೇ ಬರುತ್ತಿತ್ತು, ಸಿಟ್ಟು ಬಂದರೆ ಮಾತ್ರ ಪೂರ್ತಿ ತೆಲುಗಿಗೆ ಇಳಿಯುತ್ತಿದ್ದರು. ನನ್ನನ್ನು "ಅಮ್ಮಾಯಿ" ಎಂದೇ ಕರೆಯುತ್ತಿದ್ದರು, ಅಂದರೆ ಹುಡುಗಿ. ನಾನು ತಿರುವಿದ ಮುದ್ದೆಯಲ್ಲಿ ಗಂಟು ಸಿಕ್ಕರೆ ಅದನ್ನು ತಟ್ಟೆಯ ಅಂಚಿಗೆ ಇಟ್ಟು ಎಲ್ಲರಿಗೂ ಕಾಣುವ ಹಾಗೆ ಬಿಡುತ್ತಿದ್ದರು. ಮೊದಲ ವರ್ಷ ನಾವು ಮಾತಾಡಿದ್ದಕ್ಕಿಂತ ಮುಖ ತಿರುಗಿಸಿದ್ದೇ ಹೆಚ್ಚು. ನಮ್ಮನ್ನು ಹತ್ತಿರ ಮಾಡಿದ್ದು ಆ ಮರಿಗಳೇ. ತಾಯಿ ಒಲ್ಲದ ಮರಿಗೆ ಬಾಟ್ಲಿಯಲ್ಲಿ ಹಾಲು ಕುಡಿಸುವುದು, ಭೇದಿಯಾದ ಮರಿಯನ್ನು ಕಂಬಳಿಯಲ್ಲಿ ಸುತ್ತಿ ಒಲೆಯ ಹತ್ತಿರ ಮಲಗಿಸುವುದು, ಯಾವುದರ ತಾಯಿ ಯಾವುದೆಂದು ನೆನಪಿಡುವುದು, ಎಲ್ಲವನ್ನೂ ಅವರಿಂದ ಕಲಿತೆ. ಕಲಿಸುವಾಗಲೂ ಬೈಯುತ್ತಲೇ ಕಲಿಸಿದರು.

ಕುರಿಗೆ ಮನೆಯ ಗುರುತೆಂದರೆ ಕಿವಿ. ಬಯಲಿನಲ್ಲಿ ಎರಡು ಹಿಂಡು ಬೆರೆತರೆ ಬೇರ್ಪಡಿಸುವುದು ಕಿವಿ ನೋಡಿಯೇ. ನನ್ನ ತವರಿನ ಗುರುತು ಎಡಗಿವಿಯ ತುದಿಗೆ ಒಂದು ಸೀಳು. ಗಂಡನ ಮನೆಯದು ಬಲಗಿವಿಯ ಅಂಚಿಗೆ ಒಂದು ಕಚ್ಚು. ನಾನು ತಂದ ಕುರಿಗಳು ಮೊದಲ ಸಲ ಮರಿ ಹಾಕಿದಾಗ ಮಾವ ಕತ್ತರಿ ತೊಳೆದು, ಬೂದಿಗೆ ಅರಿಶಿನ ಕಲಸಿಟ್ಟುಕೊಂಡು ನನ್ನನ್ನು ಕರೆದರು. "ನಿನ್ನ ಕುರಿ ಮರಿ ಕಣವ್ವ, ನೀನೇ ಹಿಡ್ಕಬೇಕು" ಅಂದರು. ಮರಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹಿಡಿದೆ. ಅವರು ಬಲಗಿವಿಗೆ ಕಚ್ಚು ಹಾಕಿ ಅರಿಶಿನ ಬಳಿದರು. "ಇವತ್ತಿಗೆ ನೀನು ನಮ್ಮನೆಯೋಳಾದೆ" ಅಂದರು. ತಾಳಿ ಕಟ್ಟಿಸಿಕೊಂಡ ದಿನಕ್ಕಿಂತ ಅವತ್ತು ನನಗೆ ಹೆಚ್ಚು ಖುಷಿಯಾಗಿತ್ತು.

ಮಾವನ ಮನಸ್ಸಿನಲ್ಲಿ ಮೋಸವಿರಲಿಲ್ಲ. ಅವರು ಬದುಕಿರುವ ತನಕ ನನಗೆ ಒಂದು ಬಿರುಸು ಮಾತು ಆಡಿದವರಲ್ಲ. ಸೊಸೆಯನ್ನು ಮನೆಯವಳನ್ನಾಗಿ ಮಾಡಿಕೊಳ್ಳಲು ಅವರಿಗೆ ಗೊತ್ತಿದ್ದ ರೀತಿಯೇ ಅದು. ಹೀಗೆ ವರ್ಷವರ್ಷವೂ ನನ್ನ ಕುರಿಯ ಮರಿಗಳು, ಅವುಗಳ ಮರಿಗಳು, ಎಲ್ಲಕ್ಕೂ ಬಲಗಿವಿಗೆ ಕಚ್ಚು ಬಿತ್ತು. ಗಂಡು ಮರಿಗಳು ಚಳ್ಳಕೆರೆ ಸಂತೆಗೆ ಹೋದವು. ಹೆಣ್ಣು ಮರಿಗಳು ಹಿಂಡಿನಲ್ಲಿ ಬೆರೆತವು. ಪ್ರೀತಿಯಿಂದಲೇ ನನ್ನ ಆಸ್ತಿಯ ಗುರುತು ಅಳಿಸಿಹೋಯಿತು, ನಾನೇ ಮರಿ ಹಿಡಿದುಕೊಂಡು ಕೂತಿದ್ದೆ.

ಮಾವ ತೀರಿಕೊಂಡ ಮೇಲೆ ಗಂಡ ಮನೆಗೆ ಬರುವುದು ಅಪರೂಪವಾಯಿತು. ರಾಯದುರ್ಗದಲ್ಲಿ ಅವನಿಗೆ ಇನ್ನೊಂದು ಸಂಸಾರವಿದೆ ಎಂದು ಊರಿಗೆಲ್ಲ ಗೊತ್ತಾಗಿ, ಕೊನೆಗೆ ನನಗೂ ಗೊತ್ತಾಯಿತು. ಕೇಳಿದೆ. ಸುಳ್ಳು ಹೇಳಲಿಲ್ಲ. "ಅವಳು ಅಲ್ಲಿರ್ತಾಳೆ, ನೀನು ಇಲ್ಲಿರು. ನಿನಗೇನು ಕಮ್ಮಿ ಮಾಡಿದೀನಿ?" ಅಂದ. ನಮಗೆ ಮಕ್ಕಳಾಗಿರಲಿಲ್ಲ, ಅದನ್ನೂ ಮಾತಿನ ನಡುವೆ ಸೇರಿಸಿದ. ಅವನು ಕೆಟ್ಟವನೇನಲ್ಲ. ಎರಡು ಮನೆಗೆ ಸಾಲುವಷ್ಟು ಒಳ್ಳೆಯವನಾಗಿರಲಿಲ್ಲ, ಅಷ್ಟೆ. "ನನಗೆ ಕಮ್ಮಿ ಆಗಿರೋದು ಗಂಡ" ಅಂದೆ. ಬಿಡುಗಡೆ ಬೇಕೆಂದೂ ಅವತ್ತೇ ಹೇಳಿದೆ. ಅವನು ಸುಲಭವಾಗಿ ಒಪ್ಪಿದ, ನನಗೆ ನಿಜವಾಗಿ ನೋವಾಗಿದ್ದು ಆಗಲೇ.

ಅಷ್ಟು ಹೊತ್ತಿಗೆ ನನ್ನ ಅಪ್ಪನೂ ಇರಲಿಲ್ಲ. ತವರಿನಲ್ಲಿ ಅಣ್ಣನ ಆಡಳಿತ. ಅವನು ಬಂದು, "ಉಟ್ಟ ಬಟ್ಟೇಲಿ ಹೊರಟು ಬಾ, ನಮ್ಮನೇಲಿ ಒಂದು ಹೊತ್ತಿನ ಮುದ್ದೆಗೇನು ಬರ ಇಲ್ಲ" ಅಂದ. ಪ್ರೀತಿಯಿಂದಲೇ ಅಂದದ್ದು. ಆದರೆ ಆ ಮಾತಿನಲ್ಲಿ ನನ್ನ ಮುಂದಿನ ಬದುಕು ಪೂರ್ತಿ ಕಾಣಿಸಿತು. ಅತ್ತಿಗೆಯ ಒಲೆಯ ಮುಂದೆ ಮೂವತ್ತು ವರ್ಷ ಕೂತು, ಮುದ್ದೆ ಹಾಕಿಸಿಕೊಳ್ಳಲು ತಟ್ಟೆ ಚಾಚುವ ಬದುಕು. ನನಗೆ ಕುರಿ ಬಿಟ್ಟು ಬೇರೆ ಕಸುಬು ಗೊತ್ತಿರಲಿಲ್ಲ. ನನ್ನ ಕುರಿಗಳು ಬಂದರೆ ನನ್ನ ಕಾಲ ಮೇಲೆ ನಿಲ್ಲಬಲ್ಲೆ, ಬರದಿದ್ದರೆ ಇಲ್ಲ. "ನನ್ನ ಬಳುವಳಿ ತಗೊಂಡೇ ಬರ್ತೀನಿ" ಅಂದೆ. ಅಣ್ಣ ನನ್ನ ಮುಖ ನೋಡಿ, ಚಳ್ಳಕೆರೆಯಲ್ಲಿ ಅವನಿಗೆ ಗೊತ್ತಿದ್ದ ಒಬ್ಬ ವಕೀಲೆಯ ಹತ್ತಿರ ಕರೆದುಕೊಂಡು ಹೋದ.

ಆಕೆಯ ಕಚೇರಿ ಟ್ರ್ಯಾಕ್ಟರ್ ರಿಪೇರಿ ಅಂಗಡಿಯೊಂದರ ಮಾಳಿಗೆಯ ಮೇಲಿತ್ತು. ಕೆಳಗೆ ಸುತ್ತಿಗೆ ಏಟು ಬೀಳುತ್ತಲೇ ಇತ್ತು. ಗಂಡ ಹೆಂಡಿರ ಗುಟ್ಟನ್ನೆಲ್ಲ ಕೂಗಿ ಕೂಗಿ ಹೇಳಬೇಕಾಯಿತು. ವಕೀಲೆಗೆ ನಡುವಯಸ್ಸು, ಕನ್ನಡಕ, ಅವಸರವೇ ಇಲ್ಲದ ಮಾತು.

"ಜಮೀನು ಯಾರ ಹೆಸರಲ್ಲಿದೆ?"

"ಮಾವಂದು. ಈಗ ಅವನ ಹೆಸರಿಗಾಗೈತೆ."

"ಮನೆ?"

"ಅದೂ ಹಂಗೇ."

"ಹಾಗಾದ್ರೆ ಅವೆರಡರಲ್ಲೂ ನಿನಗೆ ಪಾಲಿಲ್ಲಮ್ಮ."

ನಾನು ಎದ್ದೇ ನಿಂತೆ. "ಆ ಹೊಲದ ಕಲ್ಲು ಆಯ್ದೋಳು ನಾನು. ಆ ಗೋಡೆಗೆ ವರ್ಷಾ ವರ್ಷಾ ಸುಣ್ಣ ಬಳಿದೋಳು ನಾನು. ಅವನು ಲಾರೀಲಿ ತಿರುಗ್ತಿದ್ದ" ಎಂದು ಕೂಗಿದೆ. ಕೆಳಗೆ ಸುತ್ತಿಗೆ ಒಂದು ಕ್ಷಣ ನಿಂತಿತು.

"ಗೊತ್ತು, ಕೂತ್ಕೊ" ಅಂದರು ವಕೀಲೆ. "ಕಾನೂನಲ್ಲಿ ಅದಕ್ಕೆ ಲೆಕ್ಕ ಇಲ್ಲ. ನನಗೂ ಅದು ಸರಿ ಅನ್ಸಲ್ಲ. ಆದ್ರೆ ಇಲ್ಲದ್ದನ್ನ ಇದೆ ಅಂತ ಹೇಳಿ ನಿನ್ನನ್ನ ಕೋರ್ಟಿಗೆ ಅಲೆದಾಡ್ಸಲ್ಲ. ಜೀವನಾಂಶ ಕೇಳ್ಬಹುದು, ಅದು ಬೇರೆ. ನೀನು ಮದುವೆಗೆ ಏನು ತಂದೆ ಹೇಳು."

"ಏನಿಲ್ಲ. ನಾಲ್ಕು ಕುರಿ" ಎಂದೆ. ಆ ಕಚೇರಿಯಲ್ಲಿ, ಆ ಕಪ್ಪು ಕೋಟಿನ ಮುಂದೆ, ಕುರಿ ಎನ್ನುವುದಕ್ಕೆ ನಾಚಿಕೆಯಾಯಿತು.

ಆಕೆಯ ಮುಖ ಅರಳಿತು. "ಅದನ್ನ ಮೊದ್ಲೇ ಹೇಳ್ಬಾರ್ದಾ? ಮದುವೇಲಿ ನಿನಗೆ ಅಂತ ಕೊಟ್ಟಿದ್ದು ನಿನ್ನದು. ಗಂಡಂದಲ್ಲ, ಮಾವಂದಲ್ಲ. ಇಷ್ಟು ವರ್ಷ ಅವರ ಮನೇಲಿತ್ತು ಅಂದ್ರೆ ಅವರು ಕಾಯ್ತಿದ್ರು ಅಂತ ಅರ್ಥ, ಅವರದಾಗೋಯ್ತು ಅಂತ ಅಲ್ಲ. ತಾಯಿ ನಿನ್ನದಾದ್ರೆ ಮರಿನೂ ನಿನ್ನದು. ಮದುವೆ ಮುರಿದ್ರೂ ಅದು ಬದಲಾಗಲ್ಲ." ಆಮೇಲೆ ಅಣ್ಣನ ಕಡೆ ತಿರುಗಿ, "ಅಂದ ಹಾಗೆ ನಿಮ್ಮದೂ ಅಲ್ಲ" ಅಂದರು. ಅಣ್ಣ ಕತ್ತು ಕೆರೆದುಕೊಂಡ.

ನನ್ನದು ಎನ್ನುವ ಮಾತನ್ನು ನಾನು ಅದುವರೆಗೆ ಬಾಚಣಿಗೆಗೆ, ಸೀರೆಗೆ ಹೇಳಿದ್ದೆ. ಬೆಳೆಯುವ, ಮರಿ ಹಾಕುವ, ಮಾರಿದರೆ ಊಟ ಕೊಡುವ ಒಂದು ವಸ್ತು ನನ್ನೊಬ್ಬಳದು, ಗಂಡನಿದ್ದರೂ ನನ್ನದು, ಬಿಟ್ಟರೂ ನನ್ನದು ಎಂದು ಯಾರೂ ಹೇಳಿರಲಿಲ್ಲ. ಆಕೆ ನನಗೆ ಆಸೆ ತೋರಿಸುವ ಮೊದಲು ಯಾವುದು ನನ್ನದಲ್ಲ ಎಂದು ನೇರವಾಗಿ ಹೇಳಿದರಲ್ಲ, ಅದಕ್ಕೂ ನಾನು ಋಣಿ. ಅದರಿಂದಲೇ ಉಳಿದ ಮಾತನ್ನು ನಂಬಲು ಸಾಧ್ಯವಾಯಿತು.

"ಸಾಕ್ಷಿ ಏನಿದೆ? ಮದುವೆ ಫೋಟೋದಲ್ಲಿ ಕುರಿ ಇದಾವಾ?" ಎಂದು ಕೇಳಿದರು.

"ಫೋಟೋಕ್ಕೆ ಕುರಿ ಯಾರ್ ನಿಲ್ಲಿಸ್ತಾರ್ರಿ? ಗಂಡನ್ನ ನಿಲ್ಲಿಸೋದೇ ಕಷ್ಟ ಆಗಿತ್ತು" ಎಂದೆ. ಆಕೆ ಕನ್ನಡಕ ತೆಗೆದು ನಕ್ಕರು.

"ಹೇಳೋರು ಯಾರಾದ್ರೂ ಇದ್ದಾರಾ? ಯಾವ ಕುರಿ ಯಾವುದರ ಮರಿ ಅಂತ ಗೊತ್ತಿರೋರು?"

"ನಮ್ಮತ್ತೆ" ಎಂದು ಬಾಯಿಂದ ಬಂದುಬಿಟ್ಟಿತು.

"ಹೂಂ, ಬರ್ತಾಳೆ!" ಅಂದ ಅಣ್ಣ. "ಹೆತ್ತ ಮಗನ ಎದುರಿಗೆ ನಿಂತು ಬಿಟ್ಟು ಹೋಗೋ ಸೊಸೆ ಪರ ಹೇಳೋ ಅತ್ತೆನ ನಾನಂತೂ ನೋಡಿಲ್ಲ."

ಮೊದಲು ಹಿರಿಯರ ಎದುರು ಕೇಳಿ, ಕೊಡದಿದ್ದರೆ ನೋಟಿಸು ಕಳಿಸೋಣ ಎಂದು ವಕೀಲೆ ಹೇಳಿದರು. ಮೆಟ್ಟಿಲಿಳಿದು ಬಂದಾಗ ರಿಪೇರಿ ಅಂಗಡಿಯ ಮುದುಕ ಸಾಹೇಬರು ಕೈಗೆ ಗ್ರೀಸ್ ಮೆತ್ತಿಕೊಂಡು ಬಾಗಿಲಲ್ಲೇ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರೆನ್ನುವುದರಲ್ಲಿ ಅನುಮಾನವಿರಲಿಲ್ಲ. ನಮ್ಮಿಬ್ಬರಿಗೂ ಚಹಾ ತರಿಸಿದರು. "ನಮ್ಮಲ್ಲಿ ನಿಕಾ ಆದಾಗ ಮೆಹರ್ ಅಂತ ಗಂಡ ಹೆಂಡ್ತಿಗೆ ಕೊಡೋದು ಇರ್ತೈತೆ. ಅದು ಹೆಂಗಸಿಂದೇ, ಗಂಡ ಮುಟ್ಟಂಗಿಲ್ಲ. ನಿನ್ನ ಹಕ್ ನೀನು ಬಿಡ್ಬ್ಯಾಡ ಬೇಟಿ" ಅಂದರು. ಪರಿಚಯವೇ ಇಲ್ಲದವರ ಕೈಯ ಆ ಚಹಾ ನನಗೆ ಎಷ್ಟು ಧೈರ್ಯ ಕೊಟ್ಟಿತೆಂದು ಅವರಿಗೆ ಗೊತ್ತಾಗಿರಲಿಕ್ಕಿಲ್ಲ.

ಹಿರಿಯರು ಸೇರಿದ್ದು ನಮ್ಮ ಕುರಿ ರೊಪ್ಪದ ಪಕ್ಕದಲ್ಲಿ, ಮುಳ್ಳುಬೇಲಿಯ ಹೊರಗೆ. ಹಿಂಡನ್ನು ಅವತ್ತು ಮೇಯಲು ಬಿಡದೆ ಒಳಗೇ ಕೂಡಿದ್ದರು. ಗಂಡ ಒಂದು ಕಡೆ ಕೂತಿದ್ದ, ನಾನು ಮತ್ತು ಅಣ್ಣ ಇನ್ನೊಂದು ಕಡೆ. ಅತ್ತೆ ಮನೆಯ ಹೊಸ್ತಿಲ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಅವರಲ್ಲಿ ಮುಖ್ಯರಾದ ಒಬ್ಬ ಹಿರಿಯರು ಕುರಿಗಳ ನಡುವೆಯೇ ಹುಟ್ಟಿ ಬೆಳೆದವರು. ನನ್ನ ಮಾತು ಪೂರ್ತಿ ಕೇಳಿ, ಎದ್ದು ರೊಪ್ಪದೊಳಗೆ ಹೋಗಿ, ಒಂದೊಂದೇ ಕುರಿಯ ಕಿವಿ ಮುಟ್ಟಿ ನೋಡಿಕೊಂಡು ಬಂದರು.

"ಎಡಗಿವಿ ಸೀಳು ಇರೋದು ಒಂದೇ ಐತೆ. ಉಳಿದವೆಲ್ಲ ಈ ಮನೆ ಗುರುತು. ಗುರುತು ಬಿಟ್ಟು ನಾವು ಹೆಂಗೆ ಹೇಳಾಣ? ಆ ಒಂದನ್ನ ತಗೊಂಡು ಹೋಗವ್ವ" ಅಂದರು.

ಅಪ್ಪ ಆರಿಸಿ ಕೊಟ್ಟ ನಾಲ್ಕರಲ್ಲಿ ಉಳಿದಿದ್ದದ್ದು ಅದೊಂದೇ. ಹಲ್ಲುದುರಿದ ಮುದಿ ಕುರಿ, ಇನ್ನೊಂದು ಮಳೆಗಾಲ ಕಾಣುವುದೂ ಅನುಮಾನವಿತ್ತು. ಅವರದು ಅನ್ಯಾಯದ ಮಾತೆಂದು ನಾನು ಹೇಳಲಾರೆ. ಬಯಲಿನಲ್ಲಿ ಹಿಂಡು ಬೆರೆತಾಗ ಯಾರೂ ಜಗಳವಿಲ್ಲದೆ ಒಪ್ಪುವುದು ಅದೇ ನ್ಯಾಯವನ್ನು. ಮನೆಯೊಳಗೆ ಎರಡು ಹಿಂಡು ಬೆರೆತರೆ ಏನು ಮಾಡಬೇಕೆಂದು ಯಾರೂ ಯೋಚಿಸಿರಲಿಲ್ಲ. ನನಗೆ ಬೈಯಲಿಕ್ಕೂ ಮಾತು ಬರಲಿಲ್ಲ ಅಂದರೆ ನನ್ನ ಸ್ಥಿತಿ ಹೇಗಿತ್ತೆಂದು ನನ್ನನ್ನು ಬಲ್ಲವರಿಗೆ ತಿಳಿಯುತ್ತದೆ.

ಆಗ ಅತ್ತೆ ಎದ್ದು, ಎಲೆ ಅಡಿಕೆ ಉಗಿದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದರು.

"ಕಿವಿ ಕೊಯ್ದೋನು ನನ್ನ ಗಂಡ. ಈದದ್ದು ಇವಳ ಕುರಿ. ಒಂದೊಂದನ್ನೂ ನಾನೂ ಇವಳೂ ಸಾಕಿದೀವಿ. ಯಾವ್ದು ಯಾವ್ದರ ಮರಿ ಅಂತ ನಾನು ತೋರಿಸ್ತೀನಿ" ಅಂದರು.

"ಅವ್ವಾ, ನೀನು ಸುಮ್ಕಿರು" ಅಂದ ಗಂಡ.

"ಸುಮ್ಕಿದ್ದೇ ಇಷ್ಟಾಗಿರೋದು" ಅಂದರು ಅತ್ತೆ. ಆಮೇಲೆ ಹಿರಿಯರ ಕಡೆ ತಿರುಗಿದರು. "ನಾನೂ ಬಳುವಳಿ ತಂದಿದ್ದೆ ಕಣ್ರಿ. ನನ್ನವು ಎಲ್ಲಿ ಹೋದವು ಅಂತ ಯಾರಾದ್ರೂ ಹೇಳ್ರಿ. ಅವಕ್ಕೂ ಬಲಗಿವಿ ಕೊಯ್ದರು, ನಾನೇ ಹಿಡ್ಕೊಂಡಿದ್ದೆ."

"ಇದೆಲ್ಲಾ ನಿಂದೇ ಅಲ್ವೇನವ್ವ?" ಅಂದ ಮಗ. ನಿಜವಾಗಿಯೂ ಹಾಗೆಂದೇ ಅವನು ನಂಬಿದ್ದ.

"ನಂದಾ?" ಅಂದರು ಅತ್ತೆ. "ನಮ್ಮಪ್ಪ ಹಾಸಿಗೆ ಹಿಡಿದಾಗ ಬಳ್ಳಾರಿ ಆಸ್ಪತ್ರೆಗೆ ಕರ್ಕೊಂಡು ಹೋಗಾಣ, ಒಂದು ಕುರಿ ಮಾರ್ತೀನಿ ಅಂದೆ. ಅವನು ಕೊಟ್ಟಿದ್ದ ಕುರಿನೇ. ಈ ಮನೆ ಗುರುತಿರೋದನ್ನ ನಿನ್ನ ತವರಿಗೆ ಹೆಂಗೆ ಮಾರ್ತೀಯ ಅಂದ್ರು. ನಿಮ್ಮಪ್ಪ ಒಳ್ಳೇನು, ಆದ್ರೂ ಅವನೇ ಅಂದಿದ್ದು. ನಮ್ಮಪ್ಪ ಹೋದ. ಒಂದು ಕುರಿ ಮಾರಕ್ಕಾಗದಿದ್ರೆ ಅದು ನಂದು ಹೆಂಗಾಗ್ತೈತೆ ಹೇಳಪ್ಪ."

ಅಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತು ಉಂಡಿದ್ದ ನನಗೆ ಈ ವಿಷಯ ಗೊತ್ತೇ ಇರಲಿಲ್ಲ. ಮುದ್ದೆಯ ಗಂಟನ್ನು ಊರಿಗೆಲ್ಲ ತೋರಿಸುತ್ತಿದ್ದ ಹೆಂಗಸು ಇದನ್ನು ಮಾತ್ರ ಯಾರಿಗೂ ತೋರಿಸಿರಲಿಲ್ಲ. ಅಳು ಬಂದದ್ದು ನನಗೆ, ಅವರಿಗಲ್ಲ. ಹಿರಿಯರು ತಲೆಗೆ ಸುತ್ತಿದ್ದ ಟವಲು ಬಿಚ್ಚಿ ಮುಖ ಒರೆಸಿಕೊಂಡು, "ತೋರಿಸವ್ವ" ಅಂದರು.

ನಾವಿಬ್ಬರೂ ರೊಪ್ಪದೊಳಗೆ ಹೋದೆವು. "ಇದು ನಿನ್ನ ಬಿಳಿ ಕುರಿ ಮಗಳು. ಇದು ಅದರ ಮಗಳು. ಇದಕ್ಕೆ ಬಾಟ್ಲಿ ಹಾಲು ಕುಡ್ಸಿದ್ದು ನೆನಪೈತಾ? ಇದು ಬ್ಯಾಡ, ಇದು ನಿಮ್ಮ ಮಾವ ಸಂತೇಲಿ ತಂದದ್ದು" ಎನ್ನುತ್ತಾ ಒಂದೊಂದರ ಕೊರಳಿಗೆ ಕೈ ಹಾಕಿ ನನ್ನ ಕಡೆ ನೂಕಿದರು. ಒಂದು ಕಂದು ಕುರಿಯ ಮುಂದೆ ನಿಂತು ಯೋಚಿಸಿದರು. "ಇದು ಯಾರ್ದೋ ನನಗೆ ಗೊತ್ತಾಗ್ತಿಲ್ಲ ಅಮ್ಮಾಯಿ" ಅಂದರು. ನನಗೂ ಖಚಿತವಿರಲಿಲ್ಲ, ಅದನ್ನು ಅಲ್ಲೇ ಬಿಟ್ಟೆ. ಅತ್ತೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದದ್ದನ್ನು ಬೇಲಿಯ ಹೊರಗಿನಿಂದ ನೋಡುತ್ತಿದ್ದ ಗಂಡ ಅಲ್ಲಿಂದ ಮುಂದೆ ತಕರಾರು ತೆಗೆಯಲಿಲ್ಲ. ಅದಕ್ಕೂ ನಾನು ಕೃತಜ್ಞಳು. ಅವನು ಹಟ ಹಿಡಿದಿದ್ದರೆ ಕೋರ್ಟಿನಲ್ಲಿ ನಾವಿಬ್ಬರೂ ಮುದುಕರಾಗುತ್ತಿದ್ದೆವು. ಇಪ್ಪತ್ತರ ಮೇಲೆ ಕುರಿಗಳು ನನ್ನ ಕಡೆಗೆ ಬಂದವು.

ಎಲ್ಲ ಮುಗಿದ ಮೇಲೆ ನಾನು ಅತ್ತೆಯ ಕೈ ಹಿಡಿದು, "ನೀವೂ ಬಂದುಬಿಡ್ರಿ ನನ್ನ ಜೊತೆ" ಎಂದೆ.

"ನಾನ್ಯಾಕೆ ಬರ್ಲಿ? ನನ್ನ ಗಂಡ ಕಟ್ಟಿದ ಮನೆ. ನನ್ನ ಮಗ" ಅಂದರು. ಆಮೇಲೆ ಮರಿಗಳ ಕಡೆ ನೋಡುತ್ತಾ, "ಕೊಡೋದಾದ್ರೆ ನನಗೊಂದು ಮರಿ ಕೊಡು. ಹೆಣ್ಣು ಮರಿ. ಇನ್ನೂ ಕಿವಿ ಕೊಯ್ದಿರಬಾರ್ದು" ಅಂದರು.

ನನ್ನ ಮರಿಗಳಲ್ಲೇ ಗಟ್ಟಿಯಾದ ಒಂದನ್ನು ಎತ್ತಿ ಅವರ ಕೈಗೆ ಕೊಟ್ಟೆ. ಹಿರಿಯರಿಗೆ, ನನ್ನ ಗಂಡನಿಗೆ, ನನ್ನ ಅಣ್ಣನಿಗೆ, ಎಲ್ಲರಿಗೂ ಕೇಳುವ ಹಾಗೆ, "ಇದು ಇವರದು. ಇವರ ಮಗಂದಲ್ಲ, ಈ ಮನೇದಲ್ಲ. ಇದರ ಕಿವಿ ಯಾರೂ ಮುಟ್ಟಂಗಿಲ್ಲ" ಎಂದೆ. ಹಿರಿಯರು ಆಗಲಿ ಎಂದು ತಲೆಯಾಡಿಸಿದರು. ಅತ್ತೆ ಮರಿಯನ್ನು ಕಂಕುಳಲ್ಲಿ ಇರುಕಿಕೊಂಡು, ಹಿಂದೆ ನೋಡದೆ ಒಳಗೆ ಹೋದರು. ಅತ್ತರೋ ಏನೋ ಗೊತ್ತಿಲ್ಲ. ನನ್ನ ಎದುರಿಗೆ ಅಳುವವರಲ್ಲ.

ಅಣ್ಣ ಮತ್ತು ನಾನು ಹಿಂಡು ಹೊಡೆದುಕೊಂಡು ನಡೆದೇ ಊರಿಗೆ ಬಂದೆವು. ದಾರಿಯಲ್ಲಿ ಶೇಂಗಾ ಕಿತ್ತ ಹೊಲದವರು ಕುರಿ ಗೊಬ್ಬರಕ್ಕಾಗಿ ಹಿಂಡು ನಿಲ್ಲಿಸಿಕೊಂಡು ನಮಗೆ ಊಟ ಕೊಟ್ಟರು. ಉಳ್ಳಾರ್ತಿಯ ಸರ್ಕಾರಿ ಹುಲ್ಲುಗಾವಲಿನ ಕಡೆ ಕುರಿಗಳು ಎಳೆಯುತ್ತಿದ್ದವು, ಕಾವಲುಗಾರರ ಭಯಕ್ಕೆ ಅಣ್ಣ ಅವನ್ನು ರಸ್ತೆಯ ಅಂಚಿಗೇ ಹಿಡಿದು ನಡೆಸಿದ. ಪೇಚಾಡಿದರೂ ಒಂದು ಮರಿಯನ್ನೂ ಕಳೆಯದೆ ಮುಟ್ಟಿಸಿದ. ಊರು ತಲುಪಿದ ಮೇಲೆ ನೀರು ಕುಡಿಸಿ, ಕತ್ತರಿ ಹುಡುಕತೊಡಗಿದ. "ನಮ್ಮ ಕುರಿ ನಮ್ಮನೆಗೆ ಬಂದವು. ನಾಳೆನೇ ಎಡಗಿವಿ ಸೀಳಿಬಿಡಾಣ, ಇಲ್ಲಾಂದ್ರೆ ಬೆರೆತು ಹೋಗ್ತವೆ" ಅಂದ.

ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ನನ್ನ ಮಾವ ಬಲಗಿವಿಗೆ ಕಚ್ಚು ಹಾಕುವಾಗ ಇದ್ದ ಪ್ರೀತಿಯೇ ಇವನ ಮುಖದಲ್ಲೂ ಇತ್ತು. ನನಗೆ ಹೆದರಿಕೆಯಾದದ್ದು ಅದರಿಂದಲೇ. ಮೊದಲ ಸಲ ಸುಮ್ಮನಿದ್ದೆ. ಈ ಸಲ ಹೇಳಲೇಬೇಕಿತ್ತು.

"ಅಣ್ಣಾ, ಕತ್ತರಿ ಇಡು. ಬಂದಿರೋದು ನನ್ನ ಕುರಿ."

"ನಾನೇನು ತಿಂದು ಬಿಡ್ತೀನಾ?"

"ನೀನು ತಿನ್ನಲ್ಲ. ನಾಳೆ ನಿನ್ನ ಮಕ್ಕಳು ಹಿರಿಯರನ್ನ ಕೂಡ್ಸಿ, ಎಡಗಿವಿ ಸೀಳಿರೋದೆಲ್ಲಾ ನಮ್ಮವು ಅಂತಾರೆ. ಆಗ ನನ್ನ ಪರ ಹೇಳೋಕೆ ಅತ್ತೆ ಇರಲ್ಲ."

ಅವನು ಎರಡು ದಿನ ನನ್ನ ಜೊತೆ ಮಾತು ಬಿಟ್ಟ. ಅತ್ತಿಗೆ ಪಾತ್ರೆಗಳನ್ನು ಸದ್ದು ಮಾಡಿ ಇಟ್ಟಳು. ಮೂರನೆಯ ದಿನ ಅಣ್ಣ ತಾನೇ ಕತ್ತರಿ ತೊಳೆದು ತಂದು, "ಯಾವ ಕಡೆ ಕೊಯ್ಲಿ ಹೇಳು, ಹಟಮಾರಿ" ಅಂದ. ಎರಡೂ ಕಿವಿಗೆ ಬುಡದ ಹತ್ತಿರ ಒಂದೊಂದು ಸಣ್ಣ ತೂತು ಎಂದೆ. ಆ ಗುರುತು ಸುತ್ತಮುತ್ತ ಯಾರ ಮನೆಯದೂ ಅಲ್ಲ. ಇಂಥ ಗುರುತನ್ನು ತಾನು ಹುಟ್ಟಿದಾಗಿನಿಂದ ನೋಡಿಲ್ಲ ಎಂದು ಗೊಣಗುತ್ತಲೇ ಒಂದೊಂದಕ್ಕೂ ಹಾಕಿಕೊಟ್ಟ. ಮರಿಗಳನ್ನು ನಾನೇ ಹಿಡಿದುಕೊಂಡಿದ್ದೆ. ಮುಂದೆ ತನ್ನ ಹಿತ್ತಲಿನ ಬೇಲಿ ಹಿಂದೆ ಸರಿಸಿ ನನ್ನ ರೊಪ್ಪಕ್ಕೆ ಜಾಗ ಬಿಟ್ಟುಕೊಟ್ಟವನೂ ಅವನೇ. ಅಣ್ಣನ ಬಗ್ಗೆ ನಾನು ಯಾರಿಗೂ ದೂರು ಹೇಳಿಲ್ಲ, ಹೇಳುವುದೂ ಇಲ್ಲ.

ಕೋರ್ಟಿನಲ್ಲಿ ಇಬ್ಬರೂ ಒಪ್ಪಿ ಬಿಡುಗಡೆಯಾಯಿತು. ವಕೀಲೆಗೆ ಒಂದು ಕರಿ ಕಂಬಳಿ ಕೊಟ್ಟೆ, ನನ್ನ ಕುರಿಗಳದೇ ಉಣ್ಣೆ. ಆಕೆ ಅದನ್ನು ಕುರ್ಚಿಯ ಮೇಲೆ ಹಾಸಿಕೊಂಡು ಕೂತರು. ಚುಚ್ಚುತ್ತದೆ ಎಂದು ಬೈದರೂ ತೆಗೆಯಲಿಲ್ಲ. ವರ್ಷಗಳು ಕಳೆದ ಹಾಗೆ ಹಿಂಡು ಬೆಳೆಯಿತು. ಊರಂಚಿಗೆ ನನ್ನ ಹೆಸರಿನಲ್ಲೇ ಎರಡು ಕೋಣೆಯ ಮನೆ ಎದ್ದಿತು. ಅದರ ಗೋಡೆಗೆ ಸುಣ್ಣ ಬಳಿಯುವಾಗ ಒಮ್ಮೊಮ್ಮೆ ಕೈ ನಿಲ್ಲಿಸಿ ಸುಮ್ಮನೆ ನೋಡುತ್ತಾ ನಿಂತಿದ್ದೇನೆ.

ಒಂದು ಮಧ್ಯಾಹ್ನ ಅತ್ತೆ ಬಸ್ಸಿಳಿದು, ಕೇಳಿಕೊಂಡು ಕೇಳಿಕೊಂಡು ನನ್ನ ಮನೆಗೆ ಬಂದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಸಂಬಂಧ ಕಡಿದು ಎಷ್ಟೋ ವರ್ಷವಾಗಿತ್ತು, ಆದರೂ ನನ್ನ ಬಾಯಿಗೆ "ಅತ್ತೆ" ಎಂದೇ ಬಂತು. ಮುದ್ದೆ ತಿರುವಿ, ಹುರುಳಿಕಾಳಿನ ಸಾರು ಬಡಿಸಿದೆ. ಗಂಟು ಸಿಕ್ಕಿತೋ ಇಲ್ಲವೋ, ಈ ಸಲ ಪೂರ್ತಿ ಉಂಡರು. ಆಮೇಲೆ ಕೇಳಿದೆ.

"ನಿಮ್ಮ ಮರಿ ಹೆಂಗೈತೆ ಅತ್ತೆ?"

"ಮರಿ ಎಲ್ಲೈತೆ? ದೊಡ್ಡ ಕುರಿ ಆಗಿ ಎರಡು ಸಲ ಈದಿತ್ತು. ಮಾರಿದೆ" ಅಂದರು.

ನನಗೆ ಒಳಗೊಳಗೇ ಚುಚ್ಚಿತು. ಅಷ್ಟು ಜನರ ಎದುರು, ಅಷ್ಟು ಪ್ರೀತಿಯಿಂದ ಕೊಟ್ಟದ್ದು. "ಮಗ ಮಾರಿದನಾ?" ಎಂದೆ.

"ಅವನ್ಯಾರು ಮಾರೋಕೆ?" ಅಂದರು ಅತ್ತೆ. "ನಾನೇ ಹೊಡ್ಕೊಂಡು ಸಂತೆಗೆ ಹೋದೆ. ದಲ್ಲಾಳಿ ಕಿವಿ ನೋಡಿದ, ಗುರುತಿಲ್ಲ. ಯಾರ್ದಮ್ಮ ಇದು ಅಂದ. ನಂದು ಅಂದೆ. ಮಾರಿದೆ. ಯಾರ್ನೂ ಕೇಳ್ಲಿಲ್ಲ ಅಮ್ಮಾಯಿ."

ಅವರ ಮುಖದಲ್ಲಿ ಅಂಥ ನಗುವನ್ನು ನಾನು ಆ ಮನೆಯಲ್ಲಿದ್ದ ಅಷ್ಟು ವರ್ಷಗಳಲ್ಲಿ ನೋಡಿರಲಿಲ್ಲ. ನನ್ನ ಬೇಸರ ಎಲ್ಲಿ ಹೋಯಿತೋ.

"ದುಡ್ಡು ಏನ್ ಮಾಡಿದ್ರಿ?" ಎಂದೆ.

"ಅದು ನಿಂಗ್ಯಾಕೆ?" ಅಂದರು.

ಬಸ್ಸು ಬರುವವರೆಗೂ ಬಿಡದೆ ಕೇಳಿದೆ. ಬಳೆ ಕೊಂಡಿರಾ? ಯಾವುದಾದರೂ ದೇವರಿಗೆ ಹೋಗಿ ಬಂದಿರಾ? ಯಾರಿಗಾದರೂ ಕೊಟ್ಟಿರಾ? ಅವರು ಎಲೆ ಅಡಿಕೆ ಮೆಲ್ಲುತ್ತಾ, ನಗುತ್ತಾ, ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತರು. ಕೊನೆಗೂ ಹೇಳಲಿಲ್ಲ.